ಕರುಳು ಕೆಟ್ಟರೆ ತಲೆಗೇಕೆ?

ನಾನು ಹೇಳ್ತಿರೋ ಗೂಗಲ್ ನಿಮ್ಮ ಫೋನಿನದಲ್ಲ, ದೇವದುರ್ಗ ತಾಲ್ಲೂಕಿನ ಕೃಷ್ಣಾ ದಂಡೆಯ ಊರು. ಅಲ್ಲಿ ಊಟ ಅಂದ್ರೆ ಜೋಳದ ರೊಟ್ಟಿ. ರಾಯಚೂರು ಜಿಲ್ಲೆ 1956ರವರೆಗೂ ಹೈದರಾಬಾದ್ ರಾಜ್ಯದಲ್ಲಿತ್ತು. ಆ ಸೀಮೆಯಲ್ಲಿ ಜೋಳವನ್ನೇ ನಂಬಿದ ಬಡವರಿಗೆ ಪೆಲ್ಲಾಗ್ರಾ ಬರ್ತಿತ್ತು. ಬಿಸಿಲು ಬಿದ್ದಲ್ಲಿ ಚರ್ಮ ಕಪ್ಪಾಗಿ ಸುಲಿಯೋದು, ಭೇದಿ, ನಿದ್ದೆಗೇಡು, ಮಂಕು, ಕೊನೆಗೆ ಬುದ್ಧಿಭ್ರಮಣೆ. ಕರುಳು, ತಲೆ ಎರಡೂ ಒಟ್ಟಿಗೇ ಹೋಗ್ತಿದ್ದವು.

ಯುರೋಪು, ಅಮೆರಿಕದಲ್ಲಿ ಇದು ಮೆಕ್ಕೆಜೋಳ ತಿನ್ನೋರ ಕಾಯಿಲೆ. ಕಾರಣ ನಯಾಸಿನ್ ಕೊರತೆ. ಆದರೆ ನಮ್ಮ ಜೋಳದಲ್ಲಿ ನಯಾಸಿನ್ ಅಷ್ಟೇನೂ ಕಡಿಮೆಯಿಲ್ಲವಲ್ಲ? 1960ರಲ್ಲಿ ಹೈದರಾಬಾದಿನ ಸಿ. ಗೋಪಾಲನ್ ಮತ್ತು ಎಸ್.ಜಿ. ಶ್ರೀಕಂಠಯ್ಯ 'ಲ್ಯಾನ್ಸೆಟ್'ನಲ್ಲಿ ಬೆರಳು ತೋರಿಸಿದ್ದು ಜೋಳದಲ್ಲಿ ಹೆಚ್ಚಿರುವ ಲ್ಯೂಸಿನ್ ಕಡೆಗೆ. ಎಲ್ಲರೂ ಒಪ್ಪಲಿಲ್ಲ, ವಾದ ಬಹಳ ಕಾಲ ನಡೀತು. (ಜೋಳವನ್ನು ಬೈಬೇಡಿ. ಅದು ರೊಟ್ಟಿ ಬಿಟ್ಟು ಬೇರೇನೂ ಸಿಗದವರ ರೋಗ.)

ಮಕ್ಕಳ ಕ್ರೋನ್ಸ್ ಕಾಯಿಲೆ ಬಗ್ಗೆ ಓದುವಾಗ ನನಗೆ ಇದೇ ನೆನಪಾಗುತ್ತೆ. ಇಲ್ಲಿ ತಟ್ಟೆ ತುಂಬಿದ್ದರೂ ಉರಿಯೂತದ ಕರುಳು ಹೀರಿಕೊಳ್ಳಲ್ಲ. ಬಿ12 ಹೀರೋದು ಸಣ್ಣಕರುಳಿನ ತುದಿಭಾಗ. ಕ್ರೋನ್ಸ್ ಹೆಚ್ಚಾಗಿ ಕಾಡೋದೂ ಅದನ್ನೇ. ಆಮೇಲೆ ಪಾದ ಜೋಮು, ಎಡವೋದು, ಓದಿದ್ದು ನೆನಪಿರದೇ ಹೋಗೋದು. ಮನೆಯವರು ಅದನ್ನ ಸುಸ್ತು, ಸೋಮಾರಿತನ ಅಂದ್ಕೊಳ್ತಾರೆ. ಅಪರೂಪಕ್ಕೆ ಮಿದುಳಿನ ರಕ್ತನಾಳದಲ್ಲೇ ರಕ್ತ ಹೆಪ್ಪುಗಟ್ಟಿ ತೀವ್ರ ತಲೆನೋವು, ಫಿಟ್ಸ್ ಬರಬಹುದು. ಅದು ಆ ಕ್ಷಣವೇ ಆಸ್ಪತ್ರೆಗೆ ಓಡುವ ವಿಷಯ.

ಬಿ12 ಕೊರತೆಯಾದರೆ ರಕ್ತಪರೀಕ್ಷೆಯಲ್ಲಿ ಸಿಗುತ್ತೆ, ಇಂಜೆಕ್ಷನ್ನಿನಿಂದ ತುಂಬಬಹುದು. ತುಂಬಾ ತಡವಾದರೆ ಮಾತ್ರ ನರಗಳು ಪೂರ್ತಿ ಚೇತರಿಸಿಕೊಳ್ಳದೇ ಇರಬಹುದು.