ಕಡಲ ಕರೆಗೆ ಓಗೊಟ್ಟವರು

ಹತ್ತನೆಯ ತರಗತಿಯ ಮಕ್ಕಳಿಗೆ ಒಮ್ಮೆ ವೀರಗಲ್ಲುಗಳ ವಿಷಯ ಹೇಳುತ್ತಿದ್ದೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಸನ್ನಿಧಿ. ಅನ್ನವಿಟ್ಟ ಒಡೆಯನ ಋಣವನ್ನು ಪ್ರಾಣ ಕೊಟ್ಟಾದರೂ ತೀರಿಸುವುದನ್ನು ನಮ್ಮ ಹಿರಿಯರು ‘ಜೋಳವಾಳಿ’ ಎಂದು ಕರೆದರೆಂದು ವಿವರಿಸಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, “ಸಾರ್, ಯಾರ ಜೋಳವನ್ನೂ ಉಣ್ಣದೆ ಪ್ರಾಣ ಒಡ್ಡಿದವರು ಇಲ್ಲವೆ? ಅಂಥವರಿಗೆ ಏನು ಸಿಕ್ಕುತ್ತದೆ?” ಎಂದು ಕೇಳಿದ. ಅಷ್ಟರಲ್ಲಿ ಗಂಟೆ ಹೊಡೆಯಿತು. ಹುಡುಗರು ಹೊರಗೆ ಓಡಿದರು; ಪ್ರಶ್ನೆ ಮಾತ್ರ ನನ್ನ ಬಳಿಯೇ ಉಳಿಯಿತು.

ಬಹಳ ದಿನಗಳ ಮೇಲೆ ಬ್ರಿಟನ್ನಿನ ಜೀವರಕ್ಷಕ ದೋಣಿಗಳ ಚರಿತ್ರೆಯನ್ನು ಓದುವಾಗ ಆ ಹುಡುಗನ ಮುಖ ಮತ್ತೆ ನೆನಪಿಗೆ ಬಂತು. ಬಿರುಗಾಳಿಯಲ್ಲಿ ಹಡಗು ಒಡೆದು ಮುಳುಗುತ್ತಿರುವಾಗ, ದಡದ ಊರಿನ ಜನರೇ ದೋಣಿ ಇಳಿಸಿಕೊಂಡು ಹೋಗಿ ಅದರಲ್ಲಿರುವವರನ್ನು ಕರೆತರುವ ಏರ್ಪಾಡು ಅದು. ಇನ್ನೂರು ವರ್ಷಗಳಿಗೂ ಮೀರಿ ಅದು ನಡೆದುಬಂದಿದೆ.

ಇದರ ಮೂಲಪುರುಷ ಸರ್ ವಿಲಿಯಂ ಹಿಲರಿ. ಮ್ಯಾನ್ ದ್ವೀಪದ ಡಗ್ಲಸ್ ಎಂಬ ರೇವುಪಟ್ಟಣದಲ್ಲಿ ಆತನ ವಾಸ. ಕಣ್ಣೆದುರಿಗೇ ಹಡಗುಗಳು ಒಡೆಯುವುದನ್ನು ಕಂಡು ಮನಮರುಗಿ, 1823ರಲ್ಲಿ ಇಡೀ ರಾಷ್ಟ್ರಕ್ಕೆ ಮನವಿಯೊಂದನ್ನು ಅಚ್ಚು ಹಾಕಿಸಿದ. ಮರುವರ್ಷ, 1824ರ ಮಾರ್ಚ್ 4ರಂದು, ಲಂಡನ್ನಿನಲ್ಲಿ ಸಂಸ್ಥೆ ಸ್ಥಾಪಿತವಾಯಿತು. 1854ರಿಂದ ಅದಕ್ಕೆ ‘ರಾಯಲ್ ನ್ಯಾಷನಲ್ ಲೈಫ್‌ಬೋಟ್ ಇನ್‌ಸ್ಟಿಟ್ಯೂಷನ್’ ಎಂದು ಹೆಸರು. ಹಿಲರಿ ಬರಿಯ ಮನವಿ ಬರೆದು ಕುಳಿತವನಲ್ಲ. 1830ರ ನವೆಂಬರಿನಲ್ಲಿ ‘ಸೇಂಟ್ ಜಾರ್ಜ್’ ಹಡಗು ಬಂಡೆಗೆ ಬಡಿದಾಗ, ಐವತ್ತೊಂಬತ್ತು ವರ್ಷದ ಆತ ತಾನೇ ದೋಣಿ ಏರಿದ. ಅಲೆ ಆತನನ್ನು ಹೊರಗೆ ಎಸೆಯಿತು, ಪಕ್ಕೆಲುಬುಗಳು ಮುರಿದವು. ಆದರೂ ಆ ರಾತ್ರಿ ಒಂದು ಜೀವವೂ ಹೋಗಲಿಲ್ಲ.

ಈ ದೋಣಿಗಳಿಗೆ ಹಣ ಕೊಟ್ಟವರು ಜನ. ಹುಟ್ಟು ಹಾಕಿದವರೂ ಜನ. 1886ರಲ್ಲಿ ‘ಮೆಕ್ಸಿಕೊ’ ಹಡಗಿನ ನೆರವಿಗೆ ಹೋದ ಇಪ್ಪತ್ತೇಳು ಮಂದಿ ದೋಣಿಗರು ಒಂದೇ ರಾತ್ರಿ ತೀರಿಕೊಂಡರು. ಆ ದುಃಖದ ನೆನಪಿನಲ್ಲಿಯೇ 1891ರಲ್ಲಿ ಮ್ಯಾಂಚೆಸ್ಟರಿನ ಬೀದಿಗಳಲ್ಲಿ ಡಬ್ಬಿ ಹಿಡಿದು ಚಂದಾ ಎತ್ತುವ ಪದ್ಧತಿ ಆರಂಭವಾಯಿತು. ದೋಣಿ ಇಳಿದಾಗಲೆಲ್ಲ ದೋಣಿಗರಿಗೆ ಒಂದಿಷ್ಟು ಕಾಸು ಸಿಕ್ಕುತ್ತಿತ್ತೆಂಬುದು ನಿಜ. ಆದರೆ ಆ ಕಾಸಿಗಾಗಿ ನಡುರಾತ್ರಿ ಹಾಸಿಗೆ ಬಿಟ್ಟು ಏಳುವವರು ಯಾರು? ಡಂಜನೆಸ್ ಎಂಬ ಊರಿನಲ್ಲಿ ಭಾರವಾದ ದೋಣಿಯನ್ನು ನೀರಿಗೆ ನೂಕುವ ಕೆಲಸಕ್ಕೆ ಹೆಂಗಸರು ನಿಲ್ಲುತ್ತಿದ್ದರು. ತಮ್ಮ ಮನೆಯ ಗಂಡಸರನ್ನು ಅಲೆಗಳಿಗೆ ಒಪ್ಪಿಸಿ, ಅವರು ಮರಳುವ ತನಕ ದಡದಲ್ಲಿ ಕಾಯುವುದೂ ಸೇವೆಯೇ ಅಲ್ಲವೆ?

ಈ ಚರಿತ್ರೆಯಲ್ಲಿ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದವನು ಹೆನ್ರಿ ಬ್ಲಾಗ್. ನಾರ್‌ಫೋಕ್ ಪ್ರಾಂತದ ಕ್ರೋಮರ್ ಆತನ ಊರು. ಹುಟ್ಟಿದ್ದು 1876ರಲ್ಲಿ. ಏಡಿ ಹಿಡಿದು ಮಾರುವುದು ಕಸುಬು. ಬೇಸಿಗೆಯಲ್ಲಿ ವಿಹಾರಕ್ಕೆ ಬರುವವರಿಗೆ ಕುರ್ಚಿಗಳನ್ನು ಬಾಡಿಗೆಗೆ ಕೊಡುತ್ತಿದ್ದ. ಹದಿನೆಂಟನೆಯ ವಯಸ್ಸಿನಲ್ಲಿ ಜೀವರಕ್ಷಕ ದೋಣಿ ಸೇರಿದ. 1909ರಲ್ಲಿ ಅದರ ನಾಯಕನಾದ. ನಮ್ಮ ಕರಾವಳಿಯ ಮಾತಿನಲ್ಲಿ ಹೇಳುವುದಾದರೆ ತಾಂಡೇಲನಾದ. ಸೇವೆಯಿಂದ ಬಿಡುವು ಪಡೆದದ್ದು 1947ರಲ್ಲಿ, ಎಪ್ಪತ್ತೊಂದನೆಯ ವಯಸ್ಸಿನಲ್ಲಿ. ಐವತ್ತಮೂರು ವರ್ಷ! ಅಷ್ಟರಲ್ಲಿ 387 ಸಲ ದೋಣಿ ಇಳಿಸಿ, 873 ಜೀವಗಳನ್ನು ಉಳಿಸಿದ್ದ. ಇಷ್ಟಾಗಿ ಆತನಿಗೆ ಈಜು ಬರುತ್ತಿರಲಿಲ್ಲ.

1917ರ ಜನವರಿ 9ನ್ನು ನೋಡಿ. ಮಹಾಯುದ್ಧದ ಕಾಲ. ಊರಿನ ತರುಣರೆಲ್ಲ ರಣರಂಗದಲ್ಲಿ. ದೋಣಿಯಲ್ಲಿ ಉಳಿದವರ ಸರಾಸರಿ ವಯಸ್ಸು ಐವತ್ತಕ್ಕೆ ಮೇಲೆ. ಹುಟ್ಟು ಹಾಕಿಯೇ ಹೋಗಬೇಕಾದ ದೋಣಿ. ಗ್ರೀಕ್ ಹಡಗೊಂದರಿಂದ ಹದಿನಾರು ಮಂದಿಯನ್ನು ಕರೆತಂದು ದಡ ಮುಟ್ಟಿಸಿದರು. ಅಷ್ಟರಲ್ಲಿ ‘ಫರ್ನೆಬೊ’ ಎಂಬ ಸ್ವೀಡನ್ನಿನ ಹಡಗು ಸಿಡಿದು ಎರಡು ಹೋಳಾಯಿತು. ದಣಿದ ಮುದುಕರು ಮತ್ತೆ ಹೊರಟರು. ಅಲೆ ದೋಣಿಯನ್ನು ಹಿಂದಕ್ಕೆ ತಳ್ಳಿತು, ಹುಟ್ಟುಗಳು ಮುರಿದವು. ಬೇರೆ ಹುಟ್ಟು ತಂದು ಮತ್ತೊಮ್ಮೆ ನುಗ್ಗಿ, ಹನ್ನೊಂದು ಮಂದಿಯನ್ನು ಇಳಿಸಿ ತಂದರು.

1941ರಲ್ಲಿ, ಎರಡನೆಯ ಮಹಾಯುದ್ಧದ ನಡುವೆ, ‘ಇಂಗ್ಲಿಷ್ ಟ್ರೇಡರ್’ ಹಡಗು ಮರಳ ದಿಬ್ಬದಲ್ಲಿ ಸಿಕ್ಕಿಬಿದ್ದಿತು. ಆಗ ಬ್ಲಾಗನಿಗೆ ಅರವತ್ತೈದು. ರಕ್ಷಣೆಗೆ ಹೋದ ಆತನನ್ನೂ ನಾಲ್ವರು ಸಂಗಡಿಗರನ್ನೂ ಅಲೆ ಕಡಲಿಗೆ ಎಸೆಯಿತು. ಐವರನ್ನೂ ಮೇಲೆತ್ತಿದರು, ಆದರೆ ಒಬ್ಬ ಉಳಿಯಲಿಲ್ಲ. ಬೆಳಗಿನ ಜಾವ ಉಳಿದವರು ಮತ್ತೆ ಅದೇ ಹಡಗಿಗೆ ಹೋಗಿ ನಲವತ್ತನಾಲ್ಕು ಮಂದಿಯನ್ನು ಕರೆತಂದರು.

ಬ್ಲಾಗನಿಗೆ ಸಂಸ್ಥೆಯ ಮೂರು ಚಿನ್ನದ ಪದಕಗಳೂ ನಾಲ್ಕು ಬೆಳ್ಳಿಯ ಪದಕಗಳೂ ಸಂದವು. ಜಾರ್ಜ್ ಕ್ರಾಸ್ ಸಂದಿತು. ಹುಡುಗನಿಗೆ ಇದೇ ಉತ್ತರವೆಂದು ಹೇಳಬಹುದಾಗಿತ್ತು. ಆದರೆ ಪದಕ ಎಲ್ಲದಕ್ಕೂ ಉತ್ತರವಾಗುವುದಿಲ್ಲ. 1901ರ ನವೆಂಬರಿನಲ್ಲಿ ಕೇಸ್ಟರ್ ಎಂಬ ಊರಿನ ದೋಣಿ ದಡದ ಬಳಿಯೇ ಮಗುಚಿ, ಹನ್ನೆರಡು ಮಂದಿಯಲ್ಲಿ ಒಂಬತ್ತು ಮಂದಿ ತೀರಿಹೋದರು. ಹಿಂದೆ ಅದೇ ದೋಣಿಯಲ್ಲಿ ಸೇವೆ ಸಲ್ಲಿಸಿದ್ದ ಜೇಮ್ಸ್ ಹೇಲೆಟ್‌ಗೆ ಆಗ ಎಪ್ಪತ್ತೆಂಟು ವರ್ಷ. ಆ ಕತ್ತಲೆಯಲ್ಲಿ ನೀರಿಗಿಳಿದು ಅಳಿಯನನ್ನೂ ಒಬ್ಬ ಮೊಮ್ಮಗನನ್ನೂ ಎಳೆದು ತಂದ. ಆದರೆ ಇಬ್ಬರು ಗಂಡುಮಕ್ಕಳನ್ನು ಕಳೆದುಕೊಂಡ. ಆತನಿಗೂ ಚಿನ್ನದ ಪದಕ ಬಂತು. ಆ ಚಿನ್ನವನ್ನು ಯಾವ ತಕ್ಕಡಿಯಲ್ಲಿ ತೂಗೋಣ?

ಇನ್ನೂ ಹತ್ತಿರದ ಕಾಲದ ಒಂದು ಸಂಗತಿ. 1981ರ ಡಿಸೆಂಬರ್ 19ರ ರಾತ್ರಿ ಕಾರ್ನ್‌ವಾಲಿನ ಮೌಜಲ್ ಎಂಬ ಮೀನುಗಾರರ ಹಳ್ಳಿಗೆ ಕರೆ ಬಂತು. ದೋಣಿಯ ನಾಯಕ ಟ್ರೆವೆಲಿಯನ್ ರಿಚರ್ಡ್ಸ್ ಏಳು ಮಂದಿಯನ್ನು ಆರಿಸಿಕೊಂಡ. ಓಡಿ ಬಂದ ಒಬ್ಬ ಹುಡುಗನನ್ನು ಮಾತ್ರ ಹಿಂದಕ್ಕೆ ಕಳುಹಿಸಿದ. ಹುಡುಗನ ತಂದೆ ಆಗಲೇ ದೋಣಿಯಲ್ಲಿದ್ದ, ಅಂಥ ರಾತ್ರಿ ಒಂದು ಮನೆಯಿಂದ ಇಬ್ಬರು ಬೇಡವೆಂಬುದು ಆತನ ನಿಲುವು. ನಾಲ್ವರನ್ನು ಹಡಗಿನಿಂದ ಇಳಿಸಿಕೊಂಡಿದ್ದೇವೆಂದು ದೋಣಿಯಿಂದ ರೇಡಿಯೋ ಸುದ್ದಿ ಬಂತು. ಆಮೇಲೆ ಮೌನ. ಹಡಗಿನಲ್ಲಿದ್ದ ಎಂಟು ಮಂದಿ, ದೋಣಿಯ ಎಂಟು ಮಂದಿ, ಯಾರೂ ಮರಳಲಿಲ್ಲ. ಮನೆಯಲ್ಲಿ ರೇಡಿಯೋ ಹಾಕಿಕೊಂಡು ಕೂರುವ ನಮಗೆ ಆ ಮೌನದ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಒಂದು ದಿನ ಕಳೆಯುವುದರೊಳಗೆ, ಹೊಸ ತಂಡಕ್ಕೆ ಸಾಕಾಗುವಷ್ಟು ಜನ ಅದೇ ಹಳ್ಳಿಯಿಂದ ತಾವಾಗಿಯೇ ಮುಂದೆ ಬಂದರು. ಅಂದು ಹಿಂದಕ್ಕೆ ಕಳುಹಿಸಲ್ಪಟ್ಟ ಹುಡುಗ ಮುಂದೆ ಅದೇ ಠಾಣೆಯ ದೋಣಿಗೆ ನಾಯಕನಾದ.

ಇಲ್ಲಿ ನನಗೆ ಉತ್ತರ ಕಂಡಿತು. ಇಂಥ ಸೇವೆಯಲ್ಲಿ ಮೊದಲ ವರ್ಷ ಸಿಕ್ಕುವುದು ಮೈನೋವು. ಹತ್ತು ವರ್ಷ ಕಳೆದ ಮೇಲೆ ಕೈಗೆ ವಿದ್ಯೆ ಹತ್ತುತ್ತದೆ. ಯಾವ ಗಾಳಿಗೆ ಯಾವ ದಿಬ್ಬದ ಮೇಲೆ ಅಲೆ ಹೇಗೆ ಏಳುತ್ತದೆಂಬುದನ್ನು ಬ್ಲಾಗ್ ಪುಸ್ತಕದಿಂದ ಕಲಿತವನಲ್ಲ. ಇಪ್ಪತ್ತು ವರ್ಷ ಕಳೆದರೆ ಜೊತೆಗಾರರ ನಂಬಿಕೆ ದೊರೆಯುತ್ತದೆ: ಕತ್ತಲೆಯಲ್ಲಿ ಕೈ ಚಾಚಿದರೆ ಹಿಡಿಯುವ ಕೈಯೊಂದು ಅಲ್ಲಿರುತ್ತದೆಂಬ ನಂಬಿಕೆ. ಎಲ್ಲಕ್ಕೂ ಕೊನೆಯ ಫಲವೆಂದರೆ, ತಾನು ಬಿಟ್ಟ ಹುಟ್ಟನ್ನು ಇನ್ನೊಬ್ಬ ಹಿಡಿಯುವುದನ್ನು ಕಣ್ಣಾರೆ ಕಾಣುವುದು. ಬ್ಲಾಗನ ಬಳಿಕ ಆತನ ಬಂಧುವೇ ಆದ ಹೆನ್ರಿ ಡೇವಿಸ್ ನಾಯಕನಾಗಿ 1976ರವರೆಗೆ ಆ ದೋಣಿಯನ್ನು ನಡೆಸಿದ. ಬ್ಲಾಗ್ ತೀರಿಕೊಂಡದ್ದು 1954ರಲ್ಲಿ. ಏಳು ವರ್ಷಗಳ ಕಾಲ ಆತ ಅದನ್ನು ದಡದಿಂದ ನೋಡಿದ.

ಇಂದು ಆ ಸಂಸ್ಥೆಗೆ ಇನ್ನೂರಕ್ಕೂ ಹೆಚ್ಚು ದೋಣಿ ಠಾಣೆಗಳಿವೆ. ಈವರೆಗೆ ಉಳಿಸಿದ ಜೀವಗಳು 1,40,000ಕ್ಕೂ ಮಿಗಿಲು. ದೋಣಿಗರಲ್ಲಿ ಕಡಲನ್ನೇ ಕಸುಬು ಮಾಡಿಕೊಂಡವರು ಹತ್ತರಲ್ಲಿ ಒಬ್ಬರು ಮಾತ್ರ. ಉಳಿದವರು ದಡದ ಮೇಲೆ ಬೇರೆ ಬೇರೆ ವೃತ್ತಿ ಮಾಡಿಕೊಂಡಿರುವವರು. ಕರೆ ಬಂದರೆ ಕೈಯಲ್ಲಿರುವ ಕೆಲಸವನ್ನು ಅಲ್ಲಿಯೇ ಬಿಟ್ಟು ಓಡುತ್ತಾರೆ.

ಕ್ರೋಮರಿನಲ್ಲಿ ಕಡಲಿಗೆ ಎದುರಾಗಿ ಬ್ಲಾಗನ ಕಂಚಿನ ಪ್ರತಿಮೆಯಿದೆ. ಅದೂ ಒಂದು ವೀರಗಲ್ಲೇ. ಆದರೆ ಅದರಲ್ಲಿ ಕಾಳಗವಿಲ್ಲ, ಅಪ್ಸರೆಯರೂ ಇಲ್ಲ. ಆ ಹುಡುಗ ಈಗ ಯಾವ ಊರಿನಲ್ಲಿರುವನೋ. ಎದುರಿಗೆ ಸಿಕ್ಕಿದರೆ ಇಷ್ಟು ಹೇಳುವೆ: “ಅಪ್ಪಾ, ಅವರು ಯಾರ ಜೋಳವನ್ನೂ ಉಂಡವರಲ್ಲ. ನಡುರಾತ್ರಿ ಆಪತ್ತು ಬಂದಾಗ ಊರು ಮೊದಲು ಅವರ ಬಾಗಿಲನ್ನೇ ತಟ್ಟುತ್ತಿತ್ತು. ಐವತ್ತು ವರ್ಷ ಹಾಗೆ ತಟ್ಟಿಸಿಕೊಳ್ಳುವುದಿದೆಯಲ್ಲ, ಅದೇ ಅವರಿಗೆ ಸಿಕ್ಕಿದ್ದು.”