ಮಮತಾ ಪೂಜಾರಿ

ಮಮತಾ ಪೂಜಾರಿ ಭಾರತ ಮಹಿಳಾ ಕಬಡ್ಡಿ ತಂಡದ ಮಾಜಿ ನಾಯಕಿ, ಅರ್ಜುನ ಪ್ರಶಸ್ತಿ ಪುರಸ್ಕೃತ ಆಟಗಾರ್ತಿ. ಹುಟ್ಟೂರು ಕಾರ್ಕಳ ತಾಲ್ಲೂಕಿನ ಅಜೆಕಾರು ಬಳಿಯ ಹೆರ್ಮುಂಡೆ. ಆಟದಲ್ಲಿ ಇವರ ಬಲ ದಾಳಿ.

ಕಾಲೇಜು ದಿನಗಳು

ಶಾಲೆಯಲ್ಲಿ ಹಲವು ಆಟಗಳಲ್ಲಿ ತೊಡಗಿದ್ದ ಮಮತಾ, ಮಂಗಳೂರಿನ ಸುರತ್ಕಲ್‌ನ ಗೋವಿಂದದಾಸ ಕಾಲೇಜಿನಲ್ಲಿ ಪದವಿ ಓದುವಾಗ ಕಬಡ್ಡಿಯಲ್ಲಿ ಗುರುತಿಸಿಕೊಂಡರು. ಊರ ಗದ್ದೆಯ ಮಣ್ಣಿನಲ್ಲಿ ಆಡಿದ ಹುಡುಗಿಯರಿಗೆ ರಾಜ್ಯ, ರಾಷ್ಟ್ರ ಮಟ್ಟದ ಬಾಗಿಲು ತೆರೆಯುವುದು ಕರಾವಳಿಯ ಇಂಥ ಕಾಲೇಜು ತಂಡಗಳಿಂದಲೇ.

ದಾಳಿಯ ಕಸುಬು

ಮಹಿಳೆಯರ ಅಂಕಣ 12 ಮೀಟರ್ ಉದ್ದ, 8 ಮೀಟರ್ ಅಗಲ. ಪಂದ್ಯ 15 ನಿಮಿಷಗಳ ಎರಡು ಅವಧಿ. ದಾಳಿಗೆ ಹೋದವಳು ‘ಕಬಡ್ಡಿ ಕಬಡ್ಡಿ’ ಎನ್ನುತ್ತಲೇ ನಡುಗೆರೆ ದಾಟಬೇಕು. ಎದುರಿಗೆ ಏಳು ಮಂದಿ, ಕೈಯಲ್ಲಿರುವುದು 30 ಸೆಕೆಂಡು. ಬೆರಳ ತುದಿ ತಾಗಿದರೂ ಅಂಕ. ಆದರೆ ಅದನ್ನು ಹೊತ್ತು ತನ್ನ ಪಾಳಯಕ್ಕೆ ಮರಳಿದರೆ ಮಾತ್ರ. ಮೂಲೆಯಲ್ಲಿ ನಿಂತವಳು ಕಣಕಾಲಿಗೆ ಕೈ ಹಾಕುವ ಹೊತ್ತನ್ನು ಮೊದಲೇ ಊಹಿಸುವುದರಲ್ಲಿದೆ ದಾಳಿಗಾರ್ತಿಯ ಜಾಣ್ಮೆ.

ರೈಲ್ವೆ ಮತ್ತು ಭಾರತ ತಂಡ

ಮಹಿಳಾ ಕಬಡ್ಡಿಯಲ್ಲಿ ಆಟವನ್ನೇ ಬದುಕಾಗಿಸಿಕೊಳ್ಳಲು ಇದ್ದ ಮುಖ್ಯ ದಾರಿ ರೈಲ್ವೆ ಉದ್ಯೋಗ. ಮಮತಾ ಸಿಕಂದರಾಬಾದಿನ ದಕ್ಷಿಣ ಮಧ್ಯ ರೈಲ್ವೆಗೆ ಸೇರಿದರು. ಏಷ್ಯನ್ ಕ್ರೀಡಾಕೂಟದಲ್ಲಿ ಮಹಿಳಾ ಕಬಡ್ಡಿ ಮೊದಲ ಬಾರಿ ನಡೆದದ್ದು 2010ರಲ್ಲಿ, ಚೀನಾದ ಗುವಾಂಗ್‌ಝೌನಲ್ಲಿ. ಅಲ್ಲಿ ಚಿನ್ನ ಗೆದ್ದ ತಂಡದಲ್ಲಿ ಇವರಿದ್ದರು. 2012ರಲ್ಲಿ ಪಟ್ನಾದಲ್ಲಿ ವಿಶ್ವಕಪ್, 2014ರಲ್ಲಿ ದಕ್ಷಿಣ ಕೊರಿಯಾದ ಇಂಚಿಯಾನ್‌ನಲ್ಲಿ ಮತ್ತೆ ಏಷ್ಯನ್ ಚಿನ್ನ ಒಲಿದವು. ಅರ್ಜುನ ಪ್ರಶಸ್ತಿ ಬಂದದ್ದೂ 2014ರಲ್ಲೇ.

ವೃತ್ತಿಪರ ಲೀಗ್

ಪುರುಷರ ಪ್ರೊ ಕಬಡ್ಡಿ 2014ರ ಜುಲೈನಲ್ಲಿ ಆರಂಭವಾಯಿತು. ಮಹಿಳೆಯರಿಗೆ ಅಂಥ ವೇದಿಕೆ ದೊರೆತದ್ದು 2016ರಲ್ಲಿ, ಮೂರೇ ತಂಡಗಳ ಮಹಿಳಾ ಕಬಡ್ಡಿ ಚಾಲೆಂಜ್‌ನಲ್ಲಿ. ಮಮತಾ ಫೈರ್ ಬರ್ಡ್ಸ್ ತಂಡವನ್ನು ಮುನ್ನಡೆಸಿದರು. ಜುಲೈ 31ರಂದು ಹೈದರಾಬಾದಿನಲ್ಲಿ ನಡೆದ ಫೈನಲ್‌ನಲ್ಲಿ ಎದುರಾದದ್ದು ಕರ್ನಾಟಕದವರೇ ಆದ ತೇಜಸ್ವಿನಿ ಬಾಯಿ ನಾಯಕತ್ವದ ಸ್ಟಾರ್ಮ್ ಕ್ವೀನ್ಸ್. ಒಂದೇ ಅಂಕದ ಅಂತರದಲ್ಲಿ, 24–23ರಿಂದ ಸ್ಟಾರ್ಮ್ ಕ್ವೀನ್ಸ್ ಗೆದ್ದಿತು.

ಪುರುಷರ ಲೀಗ್ ಬೆಳೆಯುತ್ತಾ ಹೋಯಿತು; ಈ ಚಾಲೆಂಜ್ ಮಾತ್ರ ಆ ಒಂದು ವರ್ಷಕ್ಕೇ ನಿಂತಿತು. ಎರಡು ಏಷ್ಯನ್ ಚಿನ್ನ ಗೆದ್ದ ಆಟಗಾರ್ತಿಗೆ ದೊರೆತ ಲೀಗ್ ಅಂಕಣ ಇಷ್ಟೇ. ಹೆರ್ಮುಂಡೆಯಿಂದ ಸುರತ್ಕಲ್, ಅಲ್ಲಿಂದ ರೈಲ್ವೆ ತಂಡ ಎಂಬ ಹಾದಿಯನ್ನು ಅವರು ಕ್ರಮಿಸಿದ್ದು ಲೀಗ್ ಹುಟ್ಟುವ ಮುನ್ನವೇ.