ಗಣಕಯಂತ್ರದಲ್ಲಿ ಏಕಕಾಲಕ್ಕೆ ತೆರೆಯಬಹುದಾದ ಕಡತಗಳ ಮಿತಿ: ಅರ್ಜಿದಾರರಿಗೆ ಮಾಹಿತಿ

ಅಂತರ್ಜಾಲದ ಮೂಲಕ ಅರ್ಜಿ ಸಲ್ಲಿಸುವಾಗ ಕೆಲವೊಮ್ಮೆ ಪರದೆಯ ಮೇಲೆ ‘ಟೂ ಮೆನಿ ಓಪನ್ ಫೈಲ್ಸ್’, ಅಂದರೆ ‘ತೆರೆದ ಕಡತಗಳು ಮಿತಿ ಮೀರಿವೆ’ ಎಂಬ ಸಂದೇಶವು ಮೂಡುವುದುಂಟು. ಲಗತ್ತಿಸಿದ ದಾಖಲೆಗಳೇ ಹೆಚ್ಚಾದವೆಂದು ಭಾವಿಸಿ ಅಗತ್ಯ ಪ್ರಮಾಣಪತ್ರವನ್ನು ತೆಗೆದುಹಾಕಿ ಮತ್ತೆ ಸಲ್ಲಿಸಿದಲ್ಲಿ, ಅರ್ಜಿಯು ಅಪೂರ್ಣವೆಂದು ತಿರಸ್ಕೃತವಾಗುವ ಸಂಭವವಿರುತ್ತದೆ. ಸದರಿ ಸಂದೇಶವು ಅರ್ಜಿದಾರರ ದಾಖಲೆಗಳ ಸಂಖ್ಯೆಗೆ ಸಂಬಂಧಿಸಿದ್ದಲ್ಲ. ಅರ್ಜಿ ಸ್ವೀಕರಿಸುವ ಸರ್ವರ್‌ನಲ್ಲಿ ಕಾರ್ಯಾಚರಣಾ ವ್ಯವಸ್ಥೆಯು, ಅಂದರೆ ಆಪರೇಟಿಂಗ್ ಸಿಸ್ಟಂ, ವಿಧಿಸಿರುವ ಮಿತಿಗೆ ಸಂಬಂಧಿಸಿದ್ದಾಗಿರುತ್ತದೆ.

ಚಾಲನೆಯಲ್ಲಿರುವ ತಂತ್ರಾಂಶವನ್ನು ‘ಪ್ರೊಸೆಸ್’ ಎಂದು ಕರೆಯಲಾಗುತ್ತದೆ. ಯುನಿಕ್ಸ್ ಹಾಗೂ ಲಿನಕ್ಸ್ ವ್ಯವಸ್ಥೆಗಳಲ್ಲಿ ಪ್ರೊಸೆಸ್ ಒಂದು ಕಡತವನ್ನು ತೆರೆದಾಗ ಅದಕ್ಕೆ ಒಂದು ಸಂಖ್ಯೆಯನ್ನು ನೀಡಲಾಗುತ್ತದೆ. ಕಚೇರಿಯಲ್ಲಿ ನೀಡುವ ಟೋಕನ್‌ನಂತೆ. 0, 1 ಮತ್ತು 2 ಸಂಖ್ಯೆಗಳು ರೂಢಿಯಂತೆ ಒಳಬರುವ ಮಾಹಿತಿ, ಹೊರಹೋಗುವ ಮಾಹಿತಿ ಹಾಗೂ ದೋಷ ಸಂದೇಶಗಳಿಗೆ ಮೀಸಲು. ನಂತರ ತೆರೆಯುವ ಕಡತಕ್ಕೆ ಖಾಲಿ ಇರುವ ಅತಿ ಚಿಕ್ಕ ಸಂಖ್ಯೆಯು ದೊರೆಯುತ್ತದೆ. ಕಡತ ಮುಚ್ಚಿದೊಡನೆ ಆ ಸಂಖ್ಯೆಯು ಬೇರೊಂದಕ್ಕೆ ಲಭ್ಯವಾಗುತ್ತದೆ. ಇಲ್ಲಿ ಮುಖ್ಯವಾಗಿ ಗಮನಿಸತಕ್ಕ ಅಂಶವೆಂದರೆ, ಜಾಲದ ಮೂಲಕ ಬರುವ ಪ್ರತಿಯೊಂದು ಸಂಪರ್ಕವೂ ಇದೇ ಎಣಿಕೆಗೆ ಸೇರುತ್ತದೆ.

ತೆರೆದ ಪ್ರತಿ ಕಡತವೂ ವ್ಯವಸ್ಥೆಯ ಸ್ಮೃತಿಯಲ್ಲಿ ಸ್ಥಳ ಪಡೆಯುತ್ತದೆ. ಕಡತ ಮುಚ್ಚಲು ಮರೆಯುವ ಒಂದು ದೋಷಪೂರಿತ ತಂತ್ರಾಂಶವು ಉಳಿದೆಲ್ಲವನ್ನೂ ಸ್ಥಗಿತಗೊಳಿಸಬಾರದೆಂಬುದೇ ಮಿತಿಯ ಉದ್ದೇಶ. 1979ರ ಯುನಿಕ್ಸ್ ಏಳನೆಯ ಆವೃತ್ತಿಯಲ್ಲಿ ಒಂದು ಪ್ರೊಸೆಸ್‌ಗೆ 20 ಕಡತಗಳಿಗೆ ಮಾತ್ರ ಅವಕಾಶವಿತ್ತು. ಲಿನಕ್ಸ್‌ನಲ್ಲಿ ಎರಡು ಮಿತಿಗಳಿವೆ. ಮೃದು ಮಿತಿಯು ಸಾಮಾನ್ಯವಾಗಿ 1024. ಇದನ್ನು ಕಠಿಣ ಮಿತಿಯವರೆಗೆ ತಂತ್ರಾಂಶವೇ ಏರಿಸಿಕೊಳ್ಳಬಹುದು. ಕಠಿಣ ಮಿತಿಯನ್ನು ಏರಿಸುವ ಅಧಿಕಾರ ವ್ಯವಸ್ಥೆಯ ನಿರ್ವಾಹಕರಿಗೆ ಮಾತ್ರ. 2018ರ ಸಿಸ್ಟಂಡಿ 240ನೆಯ ಆವೃತ್ತಿಯು ಕಠಿಣ ಮಿತಿಯನ್ನು 4096ರಿಂದ 5,24,288ಕ್ಕೆ ಏರಿಸಿತು. ಮೃದು ಮಿತಿಯನ್ನು ಮಾತ್ರ ಹಾಗೆಯೇ ಉಳಿಸಲಾಯಿತು. ‘ಸೆಲೆಕ್ಟ್’ ಎಂಬ ಹಳೆಯ ವಿಧಾನವನ್ನು ಬಳಸುವ ತಂತ್ರಾಂಶಗಳು 1023ಕ್ಕಿಂತ ದೊಡ್ಡ ಸಂಖ್ಯೆಯನ್ನು ನಿಭಾಯಿಸಲಾರವು.

1024 ಎಂದರೆ 1024 ಅರ್ಜಿದಾರರು ಎಂದರ್ಥವಲ್ಲ. ಒಬ್ಬ ಅರ್ಜಿದಾರರ ಸಂಪರ್ಕಕ್ಕೆ ಒಂದು, ದತ್ತಸಂಚಯದ ಸಂಪರ್ಕಕ್ಕೆ ಒಂದು, ಅಪ್‌ಲೋಡ್ ಆಗುತ್ತಿರುವ ದಾಖಲೆಗೆ ಮತ್ತೊಂದು ಎಂಬಂತೆ ಸಂಖ್ಯೆಗಳು ಬೇಗನೆ ಮುಗಿಯುತ್ತವೆ. ಕೊನೆಯ ದಿನಾಂಕದಂದು ಇದು ಹೆಚ್ಚು. ಆಗ ಸರ್ವರ್‌ನಲ್ಲಿ ಸ್ಮೃತಿ ಮತ್ತು ಡಿಸ್ಕ್ ಸ್ಥಳ ಸಾಕಷ್ಟಿದ್ದರೂ ಹೊಸ ಸಂಪರ್ಕವನ್ನು ತಂತ್ರಾಂಶವು ಸ್ವೀಕರಿಸಲಾರದು. ಸಂಪರ್ಕವು ಸರದಿಯಲ್ಲಿಯೇ ಉಳಿಯುವುದರಿಂದ ಪುಟವು ಯಾವ ಸಂದೇಶವನ್ನೂ ತೋರದೆ ಸುತ್ತುತ್ತಲೇ ಇರುತ್ತದೆ. ಈಗಾಗಲೇ ಒಳಬಂದು ದಾಖಲೆ ಅಪ್‌ಲೋಡ್ ಮಾಡುತ್ತಿರುವವರಿಗೆ ಮೇಲ್ಕಂಡ ಸಂದೇಶವು ಕಾಣಬಹುದು. ಒಬ್ಬರ ಅರ್ಜಿ ಪೂರ್ಣಗೊಂಡು, ಅದೇ ವೇಳೆ ಪಕ್ಕದಲ್ಲಿ ಕುಳಿತವರದು ನಿಲ್ಲಲು ಇದೇ ಕಾರಣ. ಅರ್ಹತೆಗೂ ಇದಕ್ಕೂ ಸಂಬಂಧವಿಲ್ಲ.

ಮಿತಿಯನ್ನು ಏರಿಸಿದರೆ ಸಾಕೆಂಬುದು ಎಲ್ಲ ಸಂದರ್ಭಗಳಲ್ಲೂ ಸರಿಯಲ್ಲ. ತಂತ್ರಾಂಶವು ಕಡತಗಳನ್ನು ಮುಚ್ಚದೇ ಬಿಡುತ್ತಿದ್ದಲ್ಲಿ ತೊಂದರೆಯು ಮುಂದಕ್ಕೆ ಹೋಗುವುದೇ ಹೊರತು ನಿವಾರಣೆಯಾಗದು.

ಬೇರೆಯವರ ಕಾರ್ಯ ಮುಗಿದಂತೆ ಸಂಖ್ಯೆಗಳು ತೆರವಾಗುವುದರಿಂದ ಅರ್ಜಿದಾರರು ಸ್ವಲ್ಪ ಸಮಯದ ನಂತರ ಎಲ್ಲ ಲಗತ್ತುಗಳೊಂದಿಗೆ ಪುನಃ ಪ್ರಯತ್ನಿಸಬಹುದು. ಶುಲ್ಕ ಪಾವತಿಯು ಬ್ಯಾಂಕಿನ ಪ್ರತ್ಯೇಕ ಸರ್ವರ್‌ನಲ್ಲಿ ನಡೆಯುವುದರಿಂದ, ಅರ್ಜಿಯು ನಿಂತಿದ್ದರೂ ಹಣ ಸಂದಾಯವಾಗಿರಬಹುದು. ಖಾತೆಯನ್ನು ಪರಿಶೀಲಿಸದೆ ಎರಡನೆಯ ಬಾರಿ ಪಾವತಿಸಬಾರದು. ಸಂದೇಶದ ಪೂರ್ಣ ಪಾಠ, ದಿನಾಂಕ ಮತ್ತು ಸಮಯವನ್ನು ಬರೆದಿಟ್ಟುಕೊಂಡು ಸಹಾಯ ಕೇಂದ್ರಕ್ಕೆ ತಿಳಿಸುವುದು ಉಪಯುಕ್ತ. ಮಿತಿ ಮುಗಿದ ವೇಳೆಯಲ್ಲಿ ಸರ್ವರ್ ತನ್ನ ದೋಷ ದಾಖಲೆಯ ಕಡತವನ್ನೇ ತೆರೆಯಲಾಗದಿದ್ದರೆ, ಘಟನೆಯ ವಿವರ ಅರ್ಜಿದಾರರ ಬಳಿ ಮಾತ್ರ ಉಳಿದಿರುತ್ತದೆ.